ಬೆಡ್‌ರಾಕ್ ಏಜೆಂಟ್‌ಗಳನ್ನು ಮಿಡ್‌ಪಾಯಿಂಟ್‌ಗೆ ಜೋಡಿಸುವುದು: ಸಮಗ್ರ ಮಾರ್ಗದರ್ಶಿ

ಕಂಪನಿಗೆ ಹೊಸಬರು ಸೇರಿದರೆ ಎಚ್‌ಆರ್‌ನಲ್ಲಿ ದಾಖಲೆ ಆಗುತ್ತದೆ, ಮ್ಯಾನೇಜರ್ ಯಾರೆಂದು ಗೊತ್ತಿರುತ್ತದೆ, ಕೆಲಸ ಬಿಟ್ಟ ದಿನ ಲಾಗಿನ್ ಬಂದ್ ಆಗುತ್ತದೆ. ಎಐ ಏಜೆಂಟ್‌ಗೆ ಇದ್ಯಾವುದೂ ಇಲ್ಲ. ಯಾರೋ ಡೆವಲಪರ್ ಕನ್ಸೋಲ್ ತೆರೆದು ಏಜೆಂಟ್ ಮಾಡುತ್ತಾರೆ, ಅದಕ್ಕೊಂದು ರೋಲ್ (ಅನುಮತಿಗಳ ಗುಂಪು) ಕೊಡುತ್ತಾರೆ, ಗ್ರಾಹಕರ ಡೇಟಾಬೇಸ್ ಮುಟ್ಟುವ ಲ್ಯಾಂಬ್ಡಾ ಫಂಕ್ಷನ್ (ಅಮೆಜಾನ್ ಕ್ಲೌಡ್‌ನಲ್ಲಿ ಓಡುವ ಸಣ್ಣ ಕೋಡ್) ಒಂದನ್ನು ಸೇರಿಸುತ್ತಾರೆ. ಮುಂದೆ ಅವರು ಬೇರೆ ಟೀಮಿಗೆ ಹೋಗುತ್ತಾರೆ, ಏಜೆಂಟ್ ಓಡುತ್ತಲೇ ಇರುತ್ತದೆ. ಆಡಿಟರ್ ಬಂದು "ಇದಕ್ಕೆ ಹೊಣೆ ಯಾರು, ಇದು ಏನೇನು ಮುಟ್ಟಬಲ್ಲದು" ಎಂದು ಕೇಳಿದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಈ ಎರಡು ಪ್ರಶ್ನೆಗೆ ಯಾವಾಗ ಬೇಕಾದರೂ ಉತ್ತರ ಸಿಗುವಂತೆ ಮಾಡುವುದೇ ಇಲ್ಲಿನ ಕೆಲಸ. ಒಂದು ಕಡೆ ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್‌ನಲ್ಲಿ ಎಐ ಏಜೆಂಟ್ ಕಟ್ಟುವ ಸೇವೆ ಅಮೆಜಾನ್ ಬೆಡ್‌ರಾಕ್ ಏಜೆಂಟ್ಸ್, ಇನ್ನೊಂದು ಕಡೆ ಸ್ಲೊವಾಕಿಯಾದ ಎವೊಲ್ವಿಯಮ್ ಕಂಪನಿಯ ಓಪನ್ ಸೋರ್ಸ್ ಐಡೆಂಟಿಟಿ ಗವರ್ನೆನ್ಸ್ (ಯಾರಿಗೆ ಯಾವ ಆಕ್ಸೆಸ್ ಇದೆ ಎಂದು ನೋಡಿಕೊಳ್ಳುವ) ತಂತ್ರಾಂಶ ಮಿಡ್‌ಪಾಯಿಂಟ್. ಮಿಡ್‌ಪಾಯಿಂಟ್ ಆರಿಸಿಕೊಂಡದ್ದಕ್ಕೆ ಕಾರಣ ಸರಳ: ಲೈಸೆನ್ಸ್ ಕೊಳ್ಳದೆ ಇವತ್ತೇ ಡಾಕರ್‌ನಲ್ಲಿ ಇಳಿಸಿಕೊಂಡು ಮಾಡಿ ನೋಡಬಹುದು. ನಿಮ್ಮಲ್ಲಿ ಸೇಲ್‌ಪಾಯಿಂಟ್ ಅಥವಾ ಸೇವಿಯಂಟ್‌ನಂಥ ಬೇರೆ ಗವರ್ನೆನ್ಸ್ ಟೂಲ್ ಇದ್ದರೂ ಎಡಬ್ಲ್ಯೂಎಸ್ ಬದಿಯ ಹಂತಗಳು ಬಹುಪಾಲು ಹೀಗೇ ಇರುತ್ತವೆ.

ನಿಮಗೆ ಐಎಎಂ (ಎಡಬ್ಲ್ಯೂಎಸ್‌ನ ಅನುಮತಿ ವ್ಯವಸ್ಥೆ) ರೋಲ್, ಟ್ರಸ್ಟ್ ಪಾಲಿಸಿ (ಆ ರೋಲನ್ನು ಯಾರು ಧರಿಸಬಹುದು ಎಂಬ ನಿಯಮ) ಅಂದರೇನು ಎಂದು ಗೊತ್ತಿದೆ, ಪೈಥಾನ್‌ನಲ್ಲಿ ಸಣ್ಣ ಸ್ಕ್ರಿಪ್ಟ್ ಬರೆಯಬಲ್ಲಿರಿ, ಮಿಡ್‌ಪಾಯಿಂಟ್ ಇನ್‌ಸ್ಟಾಲ್ ಆಗಿ ಉದ್ಯೋಗಿಗಳ ಪಟ್ಟಿ ಅದರಲ್ಲಿ ಈಗಾಗಲೇ ಇದೆ ಎಂದುಕೊಂಡು ಮುಂದುವರಿಯುತ್ತೇನೆ.

ಕೆಲಸ ಶುರುವಿಗೆ ಮೊದಲು: ಏಜೆಂಟ್‌ನ ಶಕ್ತಿ ಎಲ್ಲಿದೆ?

ಈ ಭಾಗ ಹಾರಿಸಬೇಡಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಬೆಡ್‌ರಾಕ್ ಏಜೆಂಟ್‌ಗೆ ಒಂದು ಸರ್ವಿಸ್ ರೋಲ್ ಇರುತ್ತದೆ. ಕನ್ಸೋಲ್‌ನಲ್ಲಿ ಮಾಡಿದರೆ ಅದರ ಹೆಸರು "ಅಮೆಜಾನ್‌ಬೆಡ್‌ರಾಕ್‌ಎಕ್ಸಿಕ್ಯೂಷನ್‌ರೋಲ್‌ಫಾರ್‌ಏಜೆಂಟ್ಸ್" ಎಂದು ಶುರುವಾಗುತ್ತದೆ. ಗವರ್ನೆನ್ಸ್ ಟೂಲ್‌ಗೆ ಏಜೆಂಟ್‌ಗಳನ್ನು ತರಲು ಹೊರಟವರು ಸಾಮಾನ್ಯವಾಗಿ ಈ ರೋಲನ್ನು ತೆಗೆದುಕೊಂಡು, ಅದರ ಪಾಲಿಸಿ ಪಟ್ಟಿ ಮಾಡಿ, "ಏಜೆಂಟ್‌ನ ಆಕ್ಸೆಸ್ ಇಷ್ಟು" ಎಂದು ಬರೆದು ಮುಗಿಸುತ್ತಾರೆ. ಆದರೆ ಆ ರೋಲ್‌ನಲ್ಲಿ ಇರುವುದು ಬಹುತೇಕ ಇಷ್ಟೇ: ಮಾಡೆಲ್ ಕರೆಯುವ ಅನುಮತಿ, ನಾಲೆಜ್ ಬೇಸ್‌ನಿಂದ (ಏಜೆಂಟ್ ಮಾಹಿತಿ ಹುಡುಕುವ ದಾಖಲೆಗಳ ಸಂಗ್ರಹ) ಹುಡುಕಿ ತರುವ ಅನುಮತಿ, ಆಕ್ಷನ್ ಗ್ರೂಪ್‌ನ (ಏಜೆಂಟ್ ಮಾಡಬಲ್ಲ ಕೆಲಸಗಳ ಗುಂಪು) ಸ್ಕೀಮಾ ಕಡತವನ್ನು ಎಡಬ್ಲ್ಯೂಎಸ್‌ನ ಕಡತ ಸಂಗ್ರಹ ಎಸ್3ಯಿಂದ ಓದುವ ಅನುಮತಿ. ಆಡಿಟರ್‌ಗೆ ತೋರಿಸಿದರೆ ಎಲ್ಲ ಸೌಮ್ಯವಾಗಿ ಕಾಣುತ್ತದೆ.

ಆರ್ಡರ್ ರದ್ದು ಮಾಡುವುದು, ರೀಫಂಡ್ ಹಾಕುವುದು, ಟೇಬಲ್‌ಗೆ ಬರೆಯುವುದು, ಇವೆಲ್ಲ ನಡೆಯುವುದು ಆಕ್ಷನ್ ಗ್ರೂಪ್‌ನ ಹಿಂದಿರುವ ಲ್ಯಾಂಬ್ಡಾ ಫಂಕ್ಷನ್‌ನಲ್ಲಿ. ಆ ಫಂಕ್ಷನ್ ಓಡುವುದು ತನ್ನದೇ ಎಕ್ಸಿಕ್ಯೂಷನ್ ರೋಲ್‌ನ ಬಲದಲ್ಲಿ. ಅದನ್ನು ಬೆಡ್‌ರಾಕ್ ಕರೆಯಬಹುದು ಎಂಬ ಅನುಮತಿಯೂ ಏಜೆಂಟ್‌ನ ರೋಲ್‌ನಲ್ಲಿ ಇರುವುದಿಲ್ಲ, ಲ್ಯಾಂಬ್ಡಾದ ರಿಸೋರ್ಸ್ ಪಾಲಿಸಿಯಲ್ಲಿ ಇರುತ್ತದೆ. ಏಜೆಂಟ್‌ನ ರೋಲ್ ಮಾತ್ರ ಎಳೆದು ತರುವುದು, ಕಾವಲುಗಾರನ ಹೆಸರು ಬರೆದುಕೊಂಡು ಬೀಗದ ಕೈ ಯಾರ ಸೊಂಟದಲ್ಲಿದೆ ಎಂದು ಕೇಳದೆ ಬಂದಂತೆ.

ಹಾಗಾಗಿ ಒಂದು ಏಜೆಂಟ್ ಅಂದರೆ ನಾವು ತರಬೇಕಾದ್ದು ಮೂರು ಪದರ. ಏಜೆಂಟ್‌ನ ಸ್ವಂತ ರೋಲ್ ಒಂದು. ಅದರ ಕೈಗಳು, ಅಂದರೆ ಪ್ರತಿ ಲ್ಯಾಂಬ್ಡಾದ ರೋಲ್ ಮತ್ತು ಪ್ರತಿ ನಾಲೆಜ್ ಬೇಸ್‌ನ ರೋಲ್, ಎರಡನೆಯದು. ಇದನ್ನು ಕರೆಯುವ ಹಕ್ಕು ಯಾರಿಗಿದೆ ಎಂಬುದು ಮೂರನೆಯದು. ಎರಡನೆಯ ಪದರವೇ ಅಪಾಯಕಾರಿ. ಹೆಚ್ಚಿನ ಶ್ರಮವೂ ಅಲ್ಲಿಗೇ ಬೇಕು.

ಹಂತ 1: ಓದುವುದಕ್ಕೊಂದು ರೋಲ್

ಏಜೆಂಟ್‌ಗಳು ಇರುವ ಪ್ರತಿ ಎಡಬ್ಲ್ಯೂಎಸ್ ಅಕೌಂಟ್‌ನಲ್ಲಿ ಒಂದು ಓದುವ ರೋಲ್ ಮಾಡಿ. ಏಜೆಂಟ್‌ಗಳ ಮಾಹಿತಿ ತರುವ ಸಂಗ್ರಾಹಕ ಸ್ಕ್ರಿಪ್ಟ್ (ಹಂತ 2) ಓಡುವ ಅಕೌಂಟ್ ಇದನ್ನು ಎಸ್‌ಟಿಎಸ್‌ನ (ತಾತ್ಕಾಲಿಕ ಕ್ರೆಡೆನ್ಷಿಯಲ್ ಕೊಡುವ ಎಡಬ್ಲ್ಯೂಎಸ್ ಸೇವೆ) ಅಸ್ಯೂಮ್ ರೋಲ್ ಮೂಲಕ ಧರಿಸುತ್ತದೆ. ಸ್ಕ್ರಿಪ್ಟ್ ನಿಮ್ಮದೇ ಆಗಿದ್ದರೆ ಟ್ರಸ್ಟ್ ಪಾಲಿಸಿಯಲ್ಲಿ ಅದರ ರೋಲ್‌ನ ಎಆರ್‌ಎನ್ (ಎಡಬ್ಲ್ಯೂಎಸ್‌ನಲ್ಲಿ ಪ್ರತಿಯೊಂದಕ್ಕೂ ಇರುವ ವಿಶಿಷ್ಟ ಹೆಸರು) ಅನ್ನೇ ನೇರವಾಗಿ ಹೆಸರಿಸಿ. ಇಡೀ ಅಕೌಂಟ್‌ಗೆ ಬಾಗಿಲು ತೆರೆಯಬೇಡಿ. ಹೊರಗಿನ ಕಂಪನಿಯ ಕ್ಲೌಡ್ ಟೂಲ್ ಆಗಿದ್ದರೆ ಎಕ್ಸ್‌ಟರ್ನಲ್ ಐಡಿ (ನಿಮಗೆಂದೇ ಇರುವ ಗುರುತು ಸಂಖ್ಯೆ) ಷರತ್ತು ಕಡ್ಡಾಯ. ಅದಿಲ್ಲದಿದ್ದರೆ ಅದೇ ಕಂಪನಿಯ ಇನ್ನೊಬ್ಬ ಗ್ರಾಹಕ ನಿಮ್ಮ ರೋಲ್‌ನ ಎಆರ್‌ಎನ್ ಅನ್ನು ತನ್ನ ಸೆಟಪ್‌ನಲ್ಲಿ ಹಾಕಿ ನಿಮ್ಮ ಅಕೌಂಟ್ ಓದಿಸಿಕೊಳ್ಳುವ ಸಾಧ್ಯತೆ ಉಳಿಯುತ್ತದೆ.

ಕೊಡಬೇಕಾದ ಅನುಮತಿಗಳು ಇವು. ಬೆಡ್‌ರಾಕ್‌ನಲ್ಲಿ ಲಿಸ್ಟ್ ಏಜೆಂಟ್ಸ್, ಗೆಟ್ ಏಜೆಂಟ್, ಲಿಸ್ಟ್ ಏಜೆಂಟ್ ಅಲಿಯಾಸಸ್, ಗೆಟ್ ಏಜೆಂಟ್ ವರ್ಷನ್, ಲಿಸ್ಟ್ ಏಜೆಂಟ್ ಆಕ್ಷನ್ ಗ್ರೂಪ್ಸ್, ಗೆಟ್ ಏಜೆಂಟ್ ಆಕ್ಷನ್ ಗ್ರೂಪ್, ಲಿಸ್ಟ್ ಏಜೆಂಟ್ ನಾಲೆಜ್ ಬೇಸಸ್, ಗೆಟ್ ನಾಲೆಜ್ ಬೇಸ್, ಲಿಸ್ಟ್ ಏಜೆಂಟ್ ಕೊಲಾಬರೇಟರ್ಸ್, ಲಿಸ್ಟ್ ಟ್ಯಾಗ್ಸ್ ಫಾರ್ ರಿಸೋರ್ಸ್. ಲ್ಯಾಂಬ್ಡಾದಲ್ಲಿ ಗೆಟ್ ಫಂಕ್ಷನ್ ಕಾನ್ಫಿಗರೇಷನ್ ಮತ್ತು ಗೆಟ್ ಪಾಲಿಸಿ. ಐಎಎಂನಲ್ಲಿ ಗೆಟ್ ರೋಲ್, ಲಿಸ್ಟ್ ಅಟ್ಯಾಚ್ಡ್ ರೋಲ್ ಪಾಲಿಸೀಸ್, ಲಿಸ್ಟ್ ರೋಲ್ ಪಾಲಿಸೀಸ್, ಗೆಟ್ ರೋಲ್ ಪಾಲಿಸಿ. ಬರೆಯುವ ಅನುಮತಿ ಒಂದೂ ಬೇಡ. ತಡೆಯುವ ಕೆಲಸಕ್ಕೆ ಹಂತ 6ರಲ್ಲಿ ಬೇರೆಯದೇ ರೋಲ್ ಮಾಡುತ್ತೇವೆ. ಎರಡನ್ನೂ ಒಂದೇ ರೋಲ್‌ಗೆ ತುರುಕುವ ಆಸೆ ಬಂದರೆ ತಡೆದುಕೊಳ್ಳಿ.

ಸ್ಕ್ರಿಪ್ಟ್ ಇಸಿ2ನಲ್ಲಿ ಓಡುವುದಾದರೆ ಇನ್‌ಸ್ಟೆನ್ಸ್ ಪ್ರೊಫೈಲ್ ಸಾಕು. ನಿಮ್ಮ ಆಫೀಸಿನ ಸರ್ವರ್‌ನಲ್ಲಿ ಓಡುವುದಾದರೆ ಆಕ್ಸೆಸ್ ಕೀ ಮಾಡಿ ಕಡತದಲ್ಲಿ ಇಡಬೇಡಿ. ಐಎಎಂ ರೋಲ್ಸ್ ಎನಿವೇರ್ ಎಂಬ ಸೌಲಭ್ಯ ಸರ್ಟಿಫಿಕೇಟ್ ತೋರಿಸಿದರೆ ತಾತ್ಕಾಲಿಕ ಕ್ರೆಡೆನ್ಷಿಯಲ್ ಕೊಡುತ್ತದೆ. ಐಡೆಂಟಿಟಿ ಗವರ್ನೆನ್ಸ್ ಯೋಜನೆಯೇ ಎಂದೂ ಬದಲಾಗದ ಕೀ ಮೇಲೆ ನಿಂತಿದೆ ಎಂದು ಆಡಿಟ್ ವರದಿಯಲ್ಲಿ ಓದುವುದು ಮುಜುಗರದ ಸಂಗತಿ.

ಹಂತ 2: ಸಂಗ್ರಾಹಕ

ಬೆಡ್‌ರಾಕ್‌ಗಾಗಿ ಮಿಡ್‌ಪಾಯಿಂಟ್ ಕನೆಕ್ಟರ್ (ಹೊರಗಿನ ವ್ಯವಸ್ಥೆಗೆ ಜೋಡಿಸುವ ಭಾಗ) ಬರೆಯುತ್ತಾ ಕೂರಬೇಕಿಲ್ಲ. ಮಿಡ್‌ಪಾಯಿಂಟ್ ಜೊತೆಗೇ ಎಲ್‌ಡ್ಯಾಪ್, ಸಿಎಸ್‌ವಿ, ಡೇಟಾಬೇಸ್ ಟೇಬಲ್ ಕನೆಕ್ಟರ್‌ಗಳು ಬರುತ್ತವೆ. ಸ್ಕ್ರಿಪ್ಟ್ ಒಂದು ಸಿಎಸ್‌ವಿ ಕಡತ ಬರೆದಿಟ್ಟರೆ ಮಿಡ್‌ಪಾಯಿಂಟ್ ಅದನ್ನು ಓದಿಕೊಳ್ಳುತ್ತದೆ. ಕಡತ ಕಣ್ಣಿಗೆ ಕಾಣುತ್ತದೆ, ತಪ್ಪಿದ್ದರೆ ತೆರೆದು ನೋಡಬಹುದು. ಮೊದಲ ವರ್ಷಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಕಂಡಿಲ್ಲ.

ಕಡತದಲ್ಲಿ ಒಂದು ಸಾಲು ಅಂದರೆ ಏನು ಎಂದು ಮೊದಲು ನಿರ್ಧರಿಸಿ. ಏಜೆಂಟ್‌ಗೆ ಒಂದು ಸಾಲು ಎಂದು ತೋರುವುದು ಸಹಜ. ನನ್ನ ಸಲಹೆ: ಅಲಿಯಾಸ್‌ಗೆ ಒಂದು ಸಾಲು. ಬೆಡ್‌ರಾಕ್‌ನಲ್ಲಿ ಡೆವಲಪರ್ ತಿದ್ದುವುದು ಡ್ರಾಫ್ಟ್ ಅನ್ನು. ಅಲಿಯಾಸ್ ಮಾಡಿದಾಗ ಡ್ರಾಫ್ಟ್‌ನ ಒಂದು ನಕಲು 1, 2, 3 ಎಂದು ವರ್ಷನ್ ಸಂಖ್ಯೆ ಪಡೆದು ಹೆಪ್ಪುಗಟ್ಟುತ್ತದೆ. ಆ್ಯಪ್‌ಗಳು ಕರೆಯುವುದು ಅಲಿಯಾಸನ್ನು, ಅಲಿಯಾಸ್ ತೋರಿಸುವುದು ಯಾವುದೋ ಒಂದು ವರ್ಷನ್ ಕಡೆಗೆ. ಡ್ರಾಫ್ಟ್‌ನಿಂದ ರೀಫಂಡ್ ಆಕ್ಷನ್ ಗ್ರೂಪ್ ತೆಗೆದುಹಾಕಿದ್ದರೂ ಪ್ರೊಡಕ್ಷನ್ ಅಲಿಯಾಸ್ ಹಳೆಯ ವರ್ಷನ್ 3ರ ಮೇಲೆ ನಿಂತು ರೀಫಂಡ್ ಹಾಕುತ್ತಲೇ ಇರಬಹುದು. ಡ್ರಾಫ್ಟ್ ಮಾತ್ರ ಓದುವ ಸಂಗ್ರಾಹಕನಿಗೆ ಇದು ಕಾಣುವುದೇ ಇಲ್ಲ. ವರ್ಷನ್‌ಗೆ ತನ್ನದೇ ರೋಲ್‌ನ ಎಆರ್‌ಎನ್ ಕೂಡ ದಾಖಲಾಗಿರುತ್ತದೆ. ಅದಕ್ಕೇ ಗೆಟ್ ಏಜೆಂಟ್ ಸಾಲದೆ ಗೆಟ್ ಏಜೆಂಟ್ ವರ್ಷನ್ ಕೂಡ ಬೇಕು. ಡ್ರಾಫ್ಟ್ ಕಡೆ ತೋರಿಸುವ ಟೆಸ್ಟ್ ಅಲಿಯಾಸ್ ಅನ್ನೂ ಬಿಡಬೇಡಿ, ಅದನ್ನೂ ಕರೆಯಬಹುದು.

ಹಾಗಾಗಿ ಸ್ಕ್ರಿಪ್ಟ್ ನಡೆಯುವ ಕ್ರಮ ಹೀಗೆ. ಪ್ರತಿ ಅಕೌಂಟ್, ಪ್ರತಿ ರೀಜನ್‌ನಲ್ಲಿ ಏಜೆಂಟ್‌ಗಳ ಪಟ್ಟಿ ತನ್ನಿ. ಐಎಎಂ ಇಡೀ ಅಕೌಂಟ್‌ಗೆ ಒಂದೇ ಆದರೂ ಬೆಡ್‌ರಾಕ್ ರೀಜನ್‌ಗೆ ಒಂದೊಂದು. ನಿಮ್ಮವರೆಲ್ಲ ಮುಂಬೈ ರೀಜನ್‌ನಲ್ಲೇ ಇದ್ದಾರೆ ಎಂದುಕೊಂಡಿದ್ದಾಗ ಯಾರೋ ಹೊಸ ಮಾಡೆಲ್ ಬೇಕೆಂದು ಉತ್ತರ ವರ್ಜೀನಿಯಾದಲ್ಲಿ ಏಜೆಂಟ್ ಮಾಡಿರುತ್ತಾರೆ. ಉತ್ತರ ಪುಟಪುಟವಾಗಿ ಬರುತ್ತದೆ, ಮುಂದಿನ ಪುಟದ ಟೋಕನ್ ಖಾಲಿಯಾಗುವ ತನಕ ಕೇಳುತ್ತಿರಿ. ಪ್ರತಿ ಏಜೆಂಟ್‌ನ ಅಲಿಯಾಸ್‌ಗಳು, ಪ್ರತಿ ಅಲಿಯಾಸ್‌ನ ವರ್ಷನ್, ಆ ವರ್ಷನ್‌ನ ಆಕ್ಷನ್ ಗ್ರೂಪ್‌ಗಳು ಎಂದು ಇಳಿಯಿರಿ. ಲಿಸ್ಟ್ ಕರೆಯಲ್ಲಿ ಆಕ್ಷನ್ ಗ್ರೂಪ್‌ನ ಹೆಸರು, ಸ್ಥಿತಿ ಮಾತ್ರ ಬರುತ್ತದೆ. ಹಿಂದೆ ಯಾವ ಲ್ಯಾಂಬ್ಡಾ ಇದೆ ಎಂದು ತಿಳಿಯಲು ಪ್ರತಿಯೊಂದಕ್ಕೂ ಗೆಟ್ ಕರೆ ಮಾಡಲೇಬೇಕು.

ಆ ಗೆಟ್ ಕರೆಯ ಉತ್ತರದಲ್ಲಿ ಎಕ್ಸಿಕ್ಯೂಟರ್ ಎಂಬ ಜಾಗ ನೋಡಿ. ಲ್ಯಾಂಬ್ಡಾದ ಎಆರ್‌ಎನ್ ಇದ್ದರೆ ಆ ಫಂಕ್ಷನ್‌ನ ಕಾನ್ಫಿಗರೇಷನ್ ಕೇಳಿ, ಅದರ ರೋಲ್ ತೆಗೆದುಕೊಳ್ಳಿ. "ರಿಟರ್ನ್ ಕಂಟ್ರೋಲ್" ಎಂದಿದ್ದರೆ ಕೆಲಸ ಮಾಡುವುದು ಏಜೆಂಟನ್ನು ಕರೆದ ಆ್ಯಪ್. ಶಕ್ತಿ ಇರುವುದು ಆ ಆ್ಯಪ್‌ನ ರೋಲ್‌ನಲ್ಲಿ. ಅದನ್ನು ಎಪಿಐಯಿಂದ ಕಂಡುಹಿಡಿಯಲಾಗದು, ಹಾಗಾಗಿ ಕಡತದಲ್ಲಿ "ಆ್ಯಪ್ ಕೈಯಲ್ಲಿದೆ" ಎಂದು ಗುರುತು ಹಾಕಿ, ಹೊಣೆಗಾರರೇ ರೋಲ್ ಹೆಸರಿಸುವಂತೆ ಟ್ಯಾಗ್ ಕೇಳಿ. ಲ್ಯಾಂಬ್ಡಾ ಎಆರ್‌ಎನ್ ಇಲ್ಲದ ಮೂರನೆಯ ಬಗೆಯೂ ಇದೆ: ಬೆಡ್‌ರಾಕ್‌ನದೇ ಒಳಗಿನ ಕೋಡ್ ಇಂಟರ್‌ಪ್ರಿಟರ್, ಯೂಸರ್ ಇನ್‌ಪುಟ್ ಮುಂತಾದವು. ಇವುಗಳ ಹೆಸರು ಬರೆದುಕೊಂಡರೆ ಸಾಕು.

ನಾಲೆಜ್ ಬೇಸ್‌ಗೂ ತನ್ನದೇ ರೋಲ್ ಇದೆ. ಅದು ಯಾವ ಎಸ್3 ಬಕೆಟ್ ಓದುತ್ತದೆ ಎಂಬುದೇ ಮುಖ್ಯ. ಏಜೆಂಟ್ ಇನ್ನೊಂದು ಏಜೆಂಟನ್ನು ಕರೆಯುವ ವ್ಯವಸ್ಥೆ ಇದ್ದರೆ ಕೊಲಾಬರೇಟರ್‌ಗಳ ಅಲಿಯಾಸ್ ಎಆರ್‌ಎನ್‌ಗಳನ್ನೂ ಸೇರಿಸಿ. ಮೇಲ್ವಿಚಾರಕ ಏಜೆಂಟ್‌ಗೆ ಕೈಗಳೇ ಇಲ್ಲದಂತೆ ಕಂಡರೂ ಅದರ ಕೆಳಗಿನವರ ಕೈಯೆಲ್ಲ ಅದರದೇ.

ಕೊನೆಗೆ ಕಾಲಂಗಳು: ಅಲಿಯಾಸ್ ಎಆರ್‌ಎನ್, ಅಕೌಂಟ್ ಸಂಖ್ಯೆ, ರೀಜನ್, ಏಜೆಂಟ್ ಹೆಸರು, ಅಲಿಯಾಸ್ ಹೆಸರು, ವರ್ಷನ್, ಮಾಡೆಲ್, ಏಜೆಂಟ್ ರೋಲ್, ಕೈಗಳ ರೋಲ್‌ಗಳು, ಕೊಲಾಬರೇಟರ್‌ಗಳು, ಹೊಣೆಗಾರರ ಉದ್ಯೋಗಿ ಸಂಖ್ಯೆ, ಉದ್ದೇಶ, ಅಲಿಯಾಸ್ ಹುಟ್ಟಿದ ದಿನ, ರೋಲ್ ಕೊನೆಯದಾಗಿ ಬಳಕೆಯಾದ ದಿನ. ಈ ಕೊನೆಯದು ಗೆಟ್ ರೋಲ್ ಉತ್ತರದಲ್ಲೇ ಬರುತ್ತದೆ, ಹಿಂದಿನ 400 ದಿನಗಳ ಬಳಕೆಯನ್ನು ಎಡಬ್ಲ್ಯೂಎಸ್ ನೆನಪಿಡುತ್ತದೆ. "ಇದನ್ನು ಯಾರೂ ಬಳಸುತ್ತಲೇ ಇಲ್ಲ" ಎಂದು ರಿವ್ಯೂದಲ್ಲಿ ತೋರಿಸಲು ಇದಕ್ಕಿಂತ ಸುಲಭದ ಸಾಕ್ಷಿ ಸಿಗದು. ಏಜೆಂಟ್‌ಗೆ ಕೊಟ್ಟ ಇನ್‌ಸ್ಟ್ರಕ್ಷನ್ ಪಠ್ಯ ಮಾತ್ರ ಕಡತಕ್ಕೆ ಹಾಕಬೇಡಿ, ಅದರಲ್ಲಿ ಏನೇನು ಗುಟ್ಟು ಬರೆದಿರುತ್ತಾರೋ ಹೇಳಲಾಗದು.

ಎರಡು ಎಚ್ಚರ. ಕಡತವನ್ನು ತಾತ್ಕಾಲಿಕ ಹೆಸರಿನಲ್ಲಿ ಪೂರ್ತಿ ಬರೆದು, ಆಮೇಲೆ ಒಮ್ಮೆಗೇ ಹೆಸರು ಬದಲಿಸಿ; ಅರ್ಧ ಬರೆದ ಕಡತವನ್ನು ಮಿಡ್‌ಪಾಯಿಂಟ್ ಓದಬಾರದು. ಇನ್ನೊಂದು, ಯಾವುದೇ ಅಕೌಂಟ್ ಅಥವಾ ರೀಜನ್‌ನಲ್ಲಿ ಒಂದು ಕರೆ ಸೋತರೂ ಹಳೆಯ ಕಡತವನ್ನು ಹಾಗೇ ಬಿಟ್ಟು ಎಚ್ಚರಿಕೆ ಕಳಿಸಿ ನಿಲ್ಲಿ. ಅನುಮತಿ ಕೈಕೊಟ್ಟದ್ದನ್ನು "ಇಲ್ಲಿ ಏಜೆಂಟ್‌ಗಳೇ ಇಲ್ಲ" ಎಂದು ಬರೆದುಬಿಟ್ಟರೆ, ಮಿಡ್‌ಪಾಯಿಂಟ್ ಆ ರೀಜನ್‌ನ ಅಷ್ಟೂ ಏಜೆಂಟ್‌ಗಳು ಅಳಿಸಿಹೋದವು ಎಂದು ನಂಬುತ್ತದೆ.

ಹಂತ 3: ಹೊಣೆಗಾರರ ಟ್ಯಾಗ್

ಏಜೆಂಟ್ ಮೇಲೆ ಕನಿಷ್ಠ ಎರಡು ಟ್ಯಾಗ್ ಕಡ್ಡಾಯ ಮಾಡಿ: ಹೊಣೆಗಾರರ ಉದ್ಯೋಗಿ ಸಂಖ್ಯೆ ಮತ್ತು ಉದ್ದೇಶ. ಇಮೇಲ್ ಬೇಡ, ಮದುವೆ, ಕಂಪನಿ ವಿಲೀನ, ಡೊಮೇನ್ ಬದಲಾವಣೆ ಎಂದು ಅದು ಬದಲಾಗುತ್ತದೆ. ಟೀಮಿನ ಹೆಸರೂ ಬೇಡ. ಟೀಮಿಗೆ ರಿವ್ಯೂ ಕಳಿಸಿದರೆ ಯಾರೂ ತೆರೆಯುವುದಿಲ್ಲ. ಒಬ್ಬ ಮನುಷ್ಯನ ಹೆಸರಿಗೆ ಕಳಿಸಿದರೆ ಕನಿಷ್ಠ "ಇದು ನನ್ನದಲ್ಲ" ಎಂಬ ಉತ್ತರವಾದರೂ ಬರುತ್ತದೆ.

ಹಂತ 4: ಮಿಡ್‌ಪಾಯಿಂಟ್ ಬದಿ

ಮೊದಲು "ಎಐ ಏಜೆಂಟ್" ಎಂಬ ಆರ್ಕಿಟೈಪ್ (ಮಿಡ್‌ಪಾಯಿಂಟ್‌ನ ಒಳ ವರ್ಗ) ಮಾಡಿ. ಏಜೆಂಟನ್ನು ಯೂಸರ್ ಆಗಿ ತರಬೇಕೋ ಸರ್ವಿಸ್ ಆಗಿಯೋ ಎಂದು ಚರ್ಚೆ ಬರುತ್ತದೆ. ಸರ್ವಿಸ್ ಆಗಿಯೇ ತನ್ನಿ. ಯೂಸರ್ ಮಾಡಿದರೆ ಉದ್ಯೋಗಿಗಳ ಲೆಕ್ಕ, ಪಾಸ್‌ವರ್ಡ್ ನಿಯಮ, ಎಚ್‌ಆರ್ ಹೋಲಿಕೆ ಎಲ್ಲದರೊಳಗೂ ಏಜೆಂಟ್‌ಗಳು ನುಸುಳುತ್ತವೆ. ಮಿಡ್‌ಪಾಯಿಂಟ್‌ನಲ್ಲಿ ಸರ್ವಿಸ್ ಎಂಬ ಬಗೆ ಇರುವುದೇ ಆ್ಯಪ್, ಸರ್ವರ್, ಸಾಧನದಂಥವಕ್ಕೆ. ಅದಕ್ಕೂ ರೋಲ್‌ಗಳನ್ನು ಅಸೈನ್ ಮಾಡಬಹುದು, ಅದಕ್ಕೆ ಓನರ್ ಕೂಡ ಇರಬಹುದು. ನಮಗೆ ಬೇಕಾದ್ದು ಇವೆರಡೇ. ಮಾಡೆಲ್, ವರ್ಷನ್, ಕಂಡುಬಂದ ಕೈಗಳು ಮೊದಲಾದ ಕಾಲಂಗಳಿಗೆ ಎಕ್ಸ್‌ಟೆನ್ಷನ್ ಸ್ಕೀಮಾದಲ್ಲಿ ಜಾಗ ಮಾಡಿಕೊಳ್ಳಿ.

ಆಮೇಲೆ ಹೊಸ ರಿಸೋರ್ಸ್, ಅಂದರೆ ಮಿಡ್‌ಪಾಯಿಂಟ್ ಮಾಹಿತಿ ಓದಿಕೊಳ್ಳುವ ಮೂಲ. ಸಿಎಸ್‌ವಿ ಕನೆಕ್ಟರ್ ಆರಿಸಿ, ಕಡತದ ದಾರಿ ಕೊಡಿ, ಯುನೀಕ್ ಆಟ್ರಿಬ್ಯೂಟ್ ಜಾಗದಲ್ಲಿ ಅಲಿಯಾಸ್ ಎಆರ್‌ಎನ್ ಕಾಲಂನ ಹೆಸರು ಹಾಕಿ. ಕೈಗಳ ರೋಲ್‌ಗಳ ಕಾಲಂನಲ್ಲಿ ಹಲವು ಮೌಲ್ಯ ಇರುವುದರಿಂದ ಮಲ್ಟಿವ್ಯಾಲ್ಯೂ ಡಿಲಿಮಿಟರ್ (ಮೌಲ್ಯಗಳನ್ನು ಬೇರ್ಪಡಿಸುವ ಗುರುತು) ಸೆಟ್ ಮಾಡಲು ಮರೆಯಬೇಡಿ, ಇಲ್ಲವಾದರೆ ಐದು ರೋಲ್ ಸೇರಿ ಒಂದೇ ಉದ್ದನೆಯ ಪಠ್ಯವಾಗುತ್ತದೆ. ಎಆರ್‌ಎನ್‌ನಲ್ಲಿ ಕೋಲನ್ ತುಂಬ ಇರುತ್ತದೆ, ಹಾಗಾಗಿ ಡಿಲಿಮಿಟರ್ ಆಗಿ ಪೈಪ್ ಗುರುತು ಬಳಸಿ.

ಆಬ್ಜೆಕ್ಟ್ ಟೈಪ್‌ನಲ್ಲಿ ಮಿಡ್‌ಪಾಯಿಂಟ್ ಬದಿಯ ಬಗೆ ಸರ್ವಿಸ್, ಆರ್ಕಿಟೈಪ್ ನಮ್ಮ ಎಐ ಏಜೆಂಟ್. ಅಲಿಯಾಸ್ ಎಆರ್‌ಎನ್ ಅನ್ನು ಐಡೆಂಟಿಫೈಯರ್‌ಗೆ ಮ್ಯಾಪ್ ಮಾಡಿ, ಅದರ ಮೇಲೆಯೇ ಕೋರಿಲೇಶನ್ (ಎರಡೂ ಬದಿಯ ದಾಖಲೆಗಳನ್ನು ಹೋಲಿಸಿ ಗುರುತಿಸುವುದು) ಇಡಿ. ಹೆಸರಿಗೆ ಏಜೆಂಟ್ ಹೆಸರೊಂದೇ ಸಾಲದು, ಎರಡು ಅಕೌಂಟ್‌ಗಳಲ್ಲಿ "ಸಪೋರ್ಟ್ ಏಜೆಂಟ್" ಇದ್ದೇ ಇರುತ್ತದೆ. ಅಕೌಂಟ್, ರೀಜನ್, ಏಜೆಂಟ್, ಅಲಿಯಾಸ್ ನಾಲ್ಕನ್ನೂ ಸೇರಿಸಿ ಹೆಸರು ಕಟ್ಟಿ.

ಸಿಂಕ್ರೊನೈಸೇಶನ್‌ನಲ್ಲಿ ಅನ್‌ಮ್ಯಾಚ್ಡ್ (ಕಡತದಲ್ಲಿದೆ, ಮಿಡ್‌ಪಾಯಿಂಟ್‌ನಲ್ಲಿ ಜೋಡಿ ಇಲ್ಲ) ಬಂದರೆ ಹೊಸ ಫೋಕಸ್ (ಇಲ್ಲಿ ಸರ್ವಿಸ್) ಸೇರಿಸು, ಅನ್‌ಲಿಂಕ್ಡ್ (ಜೋಡಿ ಇದೆ, ಕೊಂಡಿ ಇಲ್ಲ) ಬಂದರೆ ಲಿಂಕ್ ಮಾಡು, ಲಿಂಕ್ಡ್ ಇದ್ದರೆ ಸಿಂಕ್ರೊನೈಸ್ ಮಾಡು. ಡಿಲೀಟೆಡ್ ಬಂದಾಗ ಫೋಕಸ್ ಅಳಿಸುವ ಆಯ್ಕೆ ಇದೆ, ಅದನ್ನು ಮುಟ್ಟಬೇಡಿ. ನಿಷ್ಕ್ರಿಯಗೊಳಿಸುವುದನ್ನು ಆರಿಸಿ. ಅಳಿಸಿದ ಏಜೆಂಟ್‌ಗೆ ಹೋದ ವರ್ಷ ಯಾರು ಅನುಮತಿ ಕೊಟ್ಟಿದ್ದರು ಎಂಬ ಪ್ರಶ್ನೆ ಬರುವುದು ಅದು ಅಳಿದ ಮೇಲೆಯೇ.

ಕೈಗಳ ಕಾಲಂ ವಿಷಯದಲ್ಲಿ ಒಂದು ಬಲೆ ಇದೆ. ಅದನ್ನು ನೇರವಾಗಿ ಅಸೈನ್‌ಮೆಂಟ್‌ಗಳಾಗಿ (ಸರ್ವಿಸ್‌ಗೆ ಅಸೈನ್ ಮಾಡಿದ ರೋಲ್‌ಗಳಾಗಿ) ಮಾರ್ಪಡಿಸುವ ಇನ್‌ಬೌಂಡ್ ಮ್ಯಾಪಿಂಗ್ ಬರೆಯಬಹುದು, ನೋಡಲು ಚೆನ್ನಾಗಿಯೂ ಇರುತ್ತದೆ. ಆದರೆ ರಿವ್ಯೂದಲ್ಲಿ ಯಾರೋ ಒಂದು ಕೈಯನ್ನು ಬೇಡ ಎಂದರೆ ಅಸೈನ್‌ಮೆಂಟ್ ಹೋಗುತ್ತದೆ, ರಾತ್ರಿ ಸಿಂಕ್ ಓಡಿದಾಗ ಕಡತದಲ್ಲಿ ಆ ರೋಲ್ ಇನ್ನೂ ಇರುವುದರಿಂದ ಬೆಳಿಗ್ಗೆ ಮತ್ತೆ ಬಂದು ಕೂತಿರುತ್ತದೆ. ಹಾಗಾಗಿ ಕಂಡದ್ದನ್ನೂ ಒಪ್ಪಿದ್ದನ್ನೂ ಬೇರೆ ಬೇರೆ ಇಡಿ. ಕಂಡುಬಂದ ಕೈಗಳು ಎಕ್ಸ್‌ಟೆನ್ಷನ್ ಆಟ್ರಿಬ್ಯೂಟ್‌ನಲ್ಲಿ ಇರಲಿ, ಸಿಂಕ್ ಅದನ್ನು ದಿನವೂ ಬದಲಿಸಲಿ. ಒಪ್ಪಿದ ಕೈಗಳು ಅಸೈನ್‌ಮೆಂಟ್‌ಗಳಾಗಿರಲಿ, ಅವನ್ನು ಮನುಷ್ಯರ ತೀರ್ಮಾನ ಮಾತ್ರ ಬದಲಿಸಲಿ. ಇವೆರಡರ ವ್ಯತ್ಯಾಸವೇ ನಿಮ್ಮ ದಿನದ ವರದಿ. ಈ ಇಡೀ ಯೋಜನೆಯಲ್ಲಿ ಒಂದೇ ಒಂದು ಪುಟ ಯಾರಾದರೂ ಓದುವುದಾದರೆ ಅದು ಈ ವರದಿ ಆಗಿರಬೇಕು.

ಇದಕ್ಕಾಗಿ ಪ್ರತಿ ಲ್ಯಾಂಬ್ಡಾ ರೋಲ್‌ಗೆ ಮಿಡ್‌ಪಾಯಿಂಟ್‌ನಲ್ಲಿ ಒಂದು ರೋಲ್ ಬೇಕು. ಐಡೆಂಟಿಫೈಯರ್ ಆಗಿ ಎಆರ್‌ಎನ್, ಡಿಸ್‌ಪ್ಲೇ ನೇಮ್ ಆಗಿ ಸಾದಾ ಮಾತು: "ಆರ್ಡರ್ ಟೇಬಲ್ ಓದುವುದು ಮತ್ತು ಬರೆಯುವುದು", "ಗ್ರಾಹಕರಿಗೆ ಇಮೇಲ್ ಕಳಿಸುವುದು". ಈ ಹೆಸರುಗಳನ್ನು ಕೈಯಾರೆ ಬರೆಯುವುದು ಬೇಸರದ ಕೆಲಸ, ಆದರೂ ಮಾಡಿ. ಎಆರ್‌ಎನ್ ನೋಡಿ ರಿವ್ಯೂ ಮಾಡು ಎಂದರೆ ಯಾವ ಮ್ಯಾನೇಜರ್ ಆದರೂ ಎಲ್ಲದಕ್ಕೂ ಸರಿ ಒತ್ತಿ ಊಟಕ್ಕೆ ಹೋಗುತ್ತಾರೆ. ಜೊತೆಗೆ "ಓಡಲು ಅನುಮತಿ" ಎಂಬ ಇನ್ನೊಂದು ರೋಲ್ ಮಾಡಿ. ಒಪ್ಪಿಗೆ ಪಡೆದ ಪ್ರತಿ ಏಜೆಂಟ್‌ಗೂ ಇದೊಂದು ಅಸೈನ್ ಆಗಿರುತ್ತದೆ.

ಹೊಣೆಗಾರರನ್ನು ಕಟ್ಟುವುದು ಸ್ವಲ್ಪ ತಿರುವಿನದು. ಮಿಡ್‌ಪಾಯಿಂಟ್‌ನಲ್ಲಿ ಓನರ್ ಸಂಬಂಧ ಏಜೆಂಟ್ ಬದಿಯಲ್ಲಿ ಇರುವುದಿಲ್ಲ. ಉದ್ಯೋಗಿಯ ಮೇಲೆ ಆ ಸರ್ವಿಸ್ ಕಡೆಗೆ ಓನರ್ ಎಂಬ ರಿಲೇಶನ್‌ನ ಅಸೈನ್‌ಮೆಂಟ್ ಇರುತ್ತದೆ. ಆದ್ದರಿಂದ ಸಂಗ್ರಾಹಕನೇ ಎರಡನೆಯ ಕಡತ ಬರೆಯಲಿ: ಉದ್ಯೋಗಿ ಸಂಖ್ಯೆಗೆ ಒಂದು ಸಾಲು, ಅದರ ಮುಂದೆ ಆ ವ್ಯಕ್ತಿಯ ಅಲಿಯಾಸ್ ಎಆರ್‌ಎನ್‌ಗಳು. ಅದನ್ನು ಇನ್ನೊಂದು ಸಿಎಸ್‌ವಿ ರಿಸೋರ್ಸ್ ಆಗಿ ತಂದು, ಉದ್ಯೋಗಿ ಸಂಖ್ಯೆಯ ಮೇಲೆ ಯೂಸರ್‌ಗೆ ಕೋರಿಲೇಟ್ ಮಾಡಿ, ಅಸೈನ್‌ಮೆಂಟ್ ಟಾರ್ಗೆಟ್ ಸರ್ಚ್ ಬಳಸಿ ಓನರ್ ಅಸೈನ್‌ಮೆಂಟ್ ಹಾಕಿ. ಇಲ್ಲಿ ಅನ್‌ಮ್ಯಾಚ್ಡ್ ಬಂದರೆ ಹೊಸ ಯೂಸರ್ ಸೇರಿಸಬೇಡಿ. ತಪ್ಪು ಸಂಖ್ಯೆ ಟ್ಯಾಗ್ ಮಾಡಿದ್ದಕ್ಕೆ ಹೊಸ ಉದ್ಯೋಗಿ ಹುಟ್ಟಬಾರದು.

ಹೊಣೆಗಾರರೇ ಇಲ್ಲದ ಏಜೆಂಟ್ ಹಿಡಿಯಲು ಆರ್ಕಿಟೈಪ್ ಮೇಲೆ ಪಾಲಿಸಿ ರೂಲ್ ಹಾಕಿ: ಓನರ್ ರಿಲೇಶನ್‌ನಲ್ಲಿ ಕನಿಷ್ಠ ಒಬ್ಬರು. ಕೆಲಸ ಬಿಟ್ಟವರನ್ನು ಹಿಡಿಯಲು ನಿಷ್ಕ್ರಿಯ ಯೂಸರ್‌ಗಳಲ್ಲಿ ಓನರ್ ಅಸೈನ್‌ಮೆಂಟ್ ಉಳಿದಿರುವವರ ಹುಡುಕಾಟವನ್ನು ಉಳಿಸಿ ಡ್ಯಾಶ್‌ಬೋರ್ಡ್‌ನಲ್ಲಿ ಇಡಿ.

ಎಲ್ಲ ಸಿದ್ಧವಾದ ಮೇಲೂ ಇಂಪೋರ್ಟ್ ಗುಂಡಿ ಒತ್ತಬೇಡಿ. ರಿಸೋರ್ಸ್ ಅನ್ನು ಪ್ರಪೋಸ್ಡ್ (ಇನ್ನೂ ಜಾರಿಗೆ ಬಾರದ) ಸ್ಥಿತಿಯಲ್ಲಿ ಇಟ್ಟು ಸಿಮ್ಯುಲೇಶನ್ ಓಡಿಸಿ. ಎಷ್ಟು ಸರ್ವಿಸ್ ಹುಟ್ಟುತ್ತವೆ, ಯಾರಿಗೆ ಓನರ್ ಪಟ್ಟ ಸಿಗುತ್ತದೆ ಎಂದು ಮೊದಲೇ ಕಾಣುತ್ತದೆ. ಸರಿ ಅನಿಸಿದರೆ ಆಕ್ಟಿವ್ ಮಾಡಿ, ಇಂಪೋರ್ಟ್ ಮಾಡಿ, ಆಮೇಲೆ ಎರಡೂ ಬದಿಯನ್ನು ಹೋಲಿಸಿ ನೋಡುವ ರೀಕನ್ಸಿಲಿಯೇಶನ್ ಟಾಸ್ಕ್ ಅನ್ನು ದಿನಕ್ಕೊಮ್ಮೆ ಇಡಿ. ಅಳಿಸಿಹೋದ ಏಜೆಂಟ್‌ಗಳು ಇಂಪೋರ್ಟ್‌ಗೆ ಸಿಗುವುದಿಲ್ಲ, ಅವನ್ನು ಗುರುತಿಸಲು ರೀಕನ್ಸಿಲಿಯೇಶನ್ ಬೇಕು.

ಹಂತ 5: ರಿವ್ಯೂ

ಸರ್ಟಿಫಿಕೇಶನ್ ಕ್ಯಾಂಪೇನ್ (ಈ ಆಕ್ಸೆಸ್ ಇನ್ನೂ ಬೇಕೇ ಎಂದು ಕೇಳುವ ರಿವ್ಯೂ ಸುತ್ತು) ಒಂದನ್ನು ಎಐ ಏಜೆಂಟ್ ಆರ್ಕಿಟೈಪ್‌ನ ಸರ್ವಿಸ್‌ಗಳಿಗೆ ಸೀಮಿತಗೊಳಿಸಿ ಮಾಡಿ. ರಿವ್ಯೂ ಮಾಡುವವರು ಆ ಸರ್ವಿಸ್‌ನ ಓನರ್. ಓನರ್ ಇಲ್ಲದವಕ್ಕೆ ಡೀಫಾಲ್ಟ್ ರಿವ್ಯೂಯರ್ ಆಗಿ ಕ್ಲೌಡ್ ಸೆಕ್ಯುರಿಟಿಯ ಒಬ್ಬರು. ಮೂರು ತಿಂಗಳಿಗೊಮ್ಮೆ ಸಾಕು, ಹಣ ಅಥವಾ ವೈಯಕ್ತಿಕ ಮಾಹಿತಿ ಮುಟ್ಟುವ ಕೈ ಇರುವವಕ್ಕೆ ತಿಂಗಳಿಗೊಮ್ಮೆ. ರೆಮಿಡಿಯೇಶನ್ ಅನ್ನು ಆಟೊಮೇಟೆಡ್ ಎಂದು ಇಟ್ಟರೆ ಬೇಡ ಎಂದ ಅಸೈನ್‌ಮೆಂಟ್ ತಾನೇ ಹೋಗುತ್ತದೆ. ಮೊದಲ ಸುತ್ತು ಮಾತ್ರ ವರದಿಗಷ್ಟೇ ಇರಲಿ. ಜನರಿಗೆ ಪರದೆ ಹೊಸದು, ತಪ್ಪು ಒತ್ತುತ್ತಾರೆ.

ಹಂತ 6: ತೀರ್ಮಾನವನ್ನು ಎಡಬ್ಲ್ಯೂಎಸ್‌ಗೆ ಮುಟ್ಟಿಸುವುದು

ಮಿಡ್‌ಪಾಯಿಂಟ್‌ನಲ್ಲಿ ಅಸೈನ್‌ಮೆಂಟ್ ಹೋಯಿತು ಎಂದ ಮಾತ್ರಕ್ಕೆ ಮುಂಬೈನಲ್ಲಿ ಏಜೆಂಟ್ ನಿಲ್ಲುವುದಿಲ್ಲ. ಅದಕ್ಕೊಂದು ಸಣ್ಣ ಜಾರಿ ಸ್ಕ್ರಿಪ್ಟ್ ಬೇಕು. ಅದು ಮಿಡ್‌ಪಾಯಿಂಟ್‌ನ ರೆಸ್ಟ್ ಎಪಿಐ ಕರೆದು, ಸಕ್ರಿಯವಾಗಿದ್ದು "ಓಡಲು ಅನುಮತಿ" ಇಲ್ಲದ ಸರ್ವಿಸ್‌ಗಳನ್ನು ಕೇಳುತ್ತದೆ. ಹುಟ್ಟಿ ಎರಡು ವಾರ ಆಗಿರದ ಅಲಿಯಾಸ್‌ಗಳನ್ನು ಬಿಡುತ್ತದೆ. ಹೊಸದಕ್ಕೆ ಅಷ್ಟು ಗಡುವು ನ್ಯಾಯ. ಉಳಿದವನ್ನು ನಿಲ್ಲಿ­ಸುತ್ತದೆ. ರಿವ್ಯೂದಲ್ಲಿ ಬಿದ್ದ ಹಳೆಯ ಏಜೆಂಟ್‌ಗಳಿಗೆ ಗಡುವು ತಾನಾಗಿಯೇ ಮುಗಿದಿರುತ್ತದೆ, ಅಳಿಸಿಹೋದವು ನಿಷ್ಕ್ರಿಯ ಆಗಿರುವುದರಿಂದ ಪಟ್ಟಿಗೇ ಬರುವುದಿಲ್ಲ.

ನಿಲ್ಲಿಸುವುದಕ್ಕೆ ಎರಡು ದಾರಿ. ಅಲಿಯಾಸ್ ಅಪ್‌ಡೇಟ್ ಮಾಡಿ ಇನ್ವೊಕೇಶನ್‌ಗಳನ್ನು ತಿರಸ್ಕರಿಸುವ ಸ್ಥಿತಿಗೆ ಹಾಕಬಹುದು. ಒಂದೇ ಅಲಿಯಾಸ್ ನಿಲ್ಲುತ್ತದೆ, ಬೇರೆಯದಕ್ಕೆ ಏಟಿಲ್ಲ, ಆದರೆ ಡೆವಲಪರ್‌ಗೆ ಅಲಿಯಾಸ್ ತಿದ್ದುವ ಅನುಮತಿ ಇದ್ದರೆ ಮರುನಿಮಿಷ ಮತ್ತೆ ತೆರೆಯಬಹುದು. ಇನ್ನೊಂದು, ಏಜೆಂಟ್‌ನ ರೋಲ್‌ಗೆ ಎಡಬ್ಲ್ಯೂಎಸ್‌ನದೇ "ಎಡಬ್ಲ್ಯೂಎಸ್ ಡಿನೈ ಆಲ್" ಪಾಲಿಸಿ ಅಂಟಿಸುವುದು. ಮಾಡೆಲ್ ಕರೆಯಲಾಗದೆ ಏಜೆಂಟ್ ನಿಲ್ಲುತ್ತದೆ. ಐಎಎಂ ಪ್ರತಿ ಕರೆಗೂ ಪಾಲಿಸಿ ನೋಡುವುದರಿಂದ, ಆಗಲೇ ಪಡೆದ ತಾತ್ಕಾಲಿಕ ಕ್ರೆಡೆನ್ಷಿಯಲ್‌ಗೂ ಇದು ತಗಲುತ್ತದೆ. ಎಲ್ಲೆಡೆ ಹರಡಲು ಸ್ವಲ್ಪ ಸಮಯ ಬೇಕಷ್ಟೆ. ತುರ್ತು ಸಂದರ್ಭಕ್ಕೆ ಎರಡನೆಯದು, ಸಾಮಾನ್ಯ ರಿವ್ಯೂ ಫಲಿತಾಂಶಕ್ಕೆ ಮೊದಲನೆಯದು ಎಂಬುದು ನನ್ನ ಒಲವು.

ಡಿನೈ ಆಲ್ ಬಳಸುವ ಮೊದಲು ಒಂದು ಸಂಗತಿ ಖಚಿತ ಮಾಡಿಕೊಳ್ಳಿ: ಅದೇ ರೋಲನ್ನು ಬೇರೆ ಏಜೆಂಟ್‌ಗಳೂ ಹಂಚಿಕೊಂಡಿವೆಯೇ? ಕಡತದಲ್ಲೇ ಎಣಿಸಬಹುದು. ಹಂಚಿಕೊಂಡಿದ್ದರೆ ಸ್ಕ್ರಿಪ್ಟ್ ತಾನಾಗಿ ಮುಟ್ಟದೆ ಮನುಷ್ಯರಿಗೆ ಟಿಕೆಟ್ ಹಾಕಲಿ. ಮುಂದಕ್ಕೆ ಪ್ರತಿ ಏಜೆಂಟ್‌ಗೂ ತನ್ನದೇ ಪ್ರತ್ಯೇಕ ರೋಲ್ ಎಂಬ ನಿಯಮ ತನ್ನಿ.

ಜಾರಿ ಸ್ಕ್ರಿಪ್ಟ್‌ನ ರೋಲ್ ತೀರ ಕಿರಿದಾಗಿರಬೇಕು. ಅಟ್ಯಾಚ್ ರೋಲ್ ಪಾಲಿಸಿ ಅನುಮತಿ ಕೊಡುವಾಗ ಪಾಲಿಸಿ ಎಆರ್‌ಎನ್ ಷರತ್ತು ಹಾಕಿ, ಡಿನೈ ಆಲ್ ಬಿಟ್ಟು ಇನ್ನೇನನ್ನೂ ಅಂಟಿಸಲಾಗದಂತೆ ಮಾಡಿ. ಈ ಷರತ್ತು ಇಲ್ಲದಿದ್ದರೆ ಆ ಸ್ಕ್ರಿಪ್ಟ್ ಯಾರ ಕೈಗಾದರೂ ಸಿಕ್ಕಾಗ ಅಡ್ಮಿನ್ ಪಾಲಿಸಿ ಅಂಟಿಸಿಕೊಳ್ಳಬಹುದು. ಡಿಟ್ಯಾಚ್ ಅನುಮತಿ ಕೊಡಬೇಡಿ. ತಡೆಯುವುದು ಯಂತ್ರದ ಕೆಲಸ, ಬಿಡಿಸುವುದು ಹೆಸರು ಹೇಳಿಕೊಂಡು ಬರುವ ಮನುಷ್ಯರ ಕೆಲಸ.

ಒಂದು ಕೈಯನ್ನು ಮಾತ್ರ ಬೇಡ ಎಂದಾಗ? ಲ್ಯಾಂಬ್ಡಾವನ್ನು ಬೇರೆ ಆ್ಯಪ್‌ಗಳೂ ಬಳಸುತ್ತಿರಬಹುದು, ಅದರ ರೋಲ್ ಮುರಿದರೆ ಸಂಬಂಧವಿಲ್ಲದವರ ಕೆಲಸ ನಿಲ್ಲುತ್ತದೆ. ಇದನ್ನು ಆಟೊಮೇಟ್ ಮಾಡಬೇಡಿ. ಹೊಣೆಗಾರರಿಗೆ ಟಿಕೆಟ್ ಹೋಗಲಿ: ಆಕ್ಷನ್ ಗ್ರೂಪ್ ತೆಗೆದು, ಹೊಸ ವರ್ಷನ್ ಮಾಡಿ, ಅಲಿಯಾಸ್ ಅದರ ಕಡೆ ತಿರುಗಿಸಿ. ಮಾಡಿದರೋ ಇಲ್ಲವೋ ಎಂದು ಮರುದಿನದ ವ್ಯತ್ಯಾಸ ವರದಿಯೇ ಹೇಳುತ್ತದೆ.

ಹಂತ 7: ಕರೆಯುವವರು ಮತ್ತು ಲಾಗ್

ಇನ್ವೋಕ್ ಏಜೆಂಟ್ ಅನುಮತಿಯನ್ನು ಅಲಿಯಾಸ್ ಎಆರ್‌ಎನ್‌ಗೆ ಸೀಮಿತಗೊಳಿಸಿ ಕೊಡಬಹುದು, ಆದರೆ ಹೆಚ್ಚಿನವರು ನಕ್ಷತ್ರ ಚಿಹ್ನೆ (ಅಂದರೆ "ಎಲ್ಲವೂ") ಹಾಕಿ ಮುಗಿಸಿರುತ್ತಾರೆ. ಅಂಥ ಪಾಲಿಸಿಗಳ ಪಟ್ಟಿ ತೆಗೆದು ಮೊದಲು ಅವನ್ನು ಕಿರಿದು ಮಾಡಿ. ಆಮೇಲೆಯೇ ಕರೆಯುವವರನ್ನು ಮಿಡ್‌ಪಾಯಿಂಟ್‌ಗೆ ತರುವುದರಲ್ಲಿ ಅರ್ಥವಿದೆ.

ಲಾಗ್ ವಿಷಯದಲ್ಲಿ ಹಲವರಿಗೆ ತಪ್ಪು ತಿಳಿವಳಿಕೆ ಇದೆ. ಏಜೆಂಟನ್ನು ಸೃಷ್ಟಿಸಿದ್ದು, ತಿದ್ದಿದ್ದು ಮ್ಯಾನೇಜ್‌ಮೆಂಟ್ ಇವೆಂಟ್; ಅದು ಎಡಬ್ಲ್ಯೂಎಸ್‌ನ ಲಾಗ್ ಸೇವೆ ಕ್ಲೌಡ್‌ಟ್ರೇಲ್‌ನಲ್ಲಿ ತಾನಾಗಿ ಬರುತ್ತದೆ. ಏಜೆಂಟನ್ನು ಕರೆದದ್ದು ಡೇಟಾ ಇವೆಂಟ್. ಟ್ರೇಲ್‌ನಲ್ಲಿ ಏಜೆಂಟ್ ಅಲಿಯಾಸ್ ಬಗೆಯ ಡೇಟಾ ಇವೆಂಟ್‌ಗಳನ್ನು ನೀವಾಗಿ ಆನ್ ಮಾಡದಿದ್ದರೆ ದಾಖಲಾಗುವುದೇ ಇಲ್ಲ. ಕ್ಲೌಡ್‌ಟ್ರೇಲ್‌ನ ಇವೆಂಟ್ ಹಿಸ್ಟರಿ ಪರದೆಯಲ್ಲಿ ಕಾಣುವುದೂ 90 ದಿನಗಳ ಮ್ಯಾನೇಜ್‌ಮೆಂಟ್ ಇವೆಂಟ್‌ಗಳು ಮಾತ್ರ. ಭಾರತದಲ್ಲಿ ಸೇವೆ ಕೊಡುವ ಕಂಪನಿಗಳಿಗೆ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ 180 ದಿನಗಳ ಲಾಗ್ ಇಟ್ಟುಕೊಳ್ಳಲು ಹೇಳುತ್ತದೆ. ಆದ್ದರಿಂದ ಎಸ್3ಗೆ ಬರೆಯುವ ಟ್ರೇಲ್ ಒಂದನ್ನು ಮಾಡಿ, ಅವಧಿ ಅದಕ್ಕಿಂತ ಕಡಿಮೆ ಆಗದಂತೆ ಇಡಿ.

ಹಂತ 8: ಒಡೆದು ನೋಡುವುದು

ಟೆಸ್ಟ್ ಅಕೌಂಟ್‌ನಲ್ಲಿ ಟ್ಯಾಗ್ ಇಲ್ಲದ ಏಜೆಂಟ್ ಮಾಡಿ; ಮರುದಿನ ಅದು ಹೊಣೆಗಾರರಿಲ್ಲದ ಪಟ್ಟಿಯಲ್ಲಿ ಕಾಣಬೇಕು. ಒಂದು ಏಜೆಂಟ್‌ಗೆ ಹೊಸ ಲ್ಯಾಂಬ್ಡಾ ಸೇರಿಸಿ, ಆದರೆ ಅಲಿಯಾಸ್ ಮುಟ್ಟಬೇಡಿ. ಟೆಸ್ಟ್ ಅಲಿಯಾಸ್ ಸಾಲಿನಲ್ಲಿ ಮಾತ್ರ ಹೊಸ ಕೈ ಬರಬೇಕು, ಪ್ರೊಡಕ್ಷನ್ ಸಾಲು ಬದಲಾಗಬಾರದು. ಎರಡೂ ಬದಲಾದರೆ ನಿಮ್ಮ ಸಂಗ್ರಾಹಕ ಎಲ್ಲ ಅಲಿಯಾಸ್‌ಗೂ ಡ್ರಾಫ್ಟನ್ನೇ ಓದುತ್ತಿದೆ. ಓದುವ ರೋಲ್‌ನಿಂದ ಒಂದು ಅನುಮತಿ ಕಿತ್ತು ಸ್ಕ್ರಿಪ್ಟ್ ಓಡಿಸಿ. ಹಳೆಯ ಕಡತ ಉಳಿಯಬೇಕು, ಎಚ್ಚರಿಕೆ ಬರಬೇಕು. ಲ್ಯಾಂಬ್ಡಾದ ರೋಲ್ ಅನ್ನೇ ಬದಲಿಸಿ ನೋಡಿ: ಏಜೆಂಟ್‌ನಲ್ಲಿ ಏನೂ ಬದಲಾಗಿರುವುದಿಲ್ಲ, ಆದರೂ ವ್ಯತ್ಯಾಸ ವರದಿಯಲ್ಲಿ ಅದು ಬರಲೇಬೇಕು. ಕೊನೆಗೆ "ಓಡಲು ಅನುಮತಿ" ತೆಗೆದು, ಏಜೆಂಟ್ ನಿಲ್ಲಲು ಎಷ್ಟು ಹೊತ್ತು ಹಿಡಿಯಿತು ಎಂದು ಅಳೆದು ಬರೆದಿಡಿ. ಅವಘಡ ಆದ ರಾತ್ರಿ ಮೇಲಿನವರು ಕೇಳುವುದು ಆ ಸಂಖ್ಯೆಯನ್ನೇ.

ನಿಮ್ಮಲ್ಲಿ ಬೆಡ್‌ರಾಕ್‌ನ ಏಜೆಂಟ್‌ಕೋರ್ ಬಳಕೆ ಶುರುವಾಗಿದ್ದರೆ ಇನ್ನೊಂದು ಕೆಲಸ ಬಾಕಿ. ಅದು 2025ರಲ್ಲಿ ಬಂದ ಬೇರೆಯೇ ಸೇವೆ. ಅಲ್ಲಿನ ಏಜೆಂಟ್‌ಗಳು ಲಿಸ್ಟ್ ಏಜೆಂಟ್ಸ್ ಕರೆಯಲ್ಲಿ ಬರುವುದಿಲ್ಲ. ಏಜೆಂಟ್ ರನ್‌ಟೈಮ್‌ಗಳ ಪಟ್ಟಿ ತರುವ ಬೇರೆ ಎಪಿಐ ಇದೆ, ಪ್ರತಿ ರನ್‌ಟೈಮ್‌ಗೂ ಒಂದು ರೋಲ್ ಇರುತ್ತದೆ. ಅಲ್ಲಿ ಕೋಡ್ ಓಡುವುದು ಆ ರೋಲ್‌ನಲ್ಲೇ ಆದ್ದರಿಂದ ಅದನ್ನು ಏಜೆಂಟ್ ರೋಲ್ ಕಾಲಂನಲ್ಲೂ ಕೈಗಳ ಕಾಲಂನಲ್ಲೂ ಬರೆಯಿರಿ. ಸಂಗ್ರಾಹಕನಿಗೆ ಇದೊಂದು ಕವಲು ಸೇರಿಸಿ, ಸಾಲುಗಳನ್ನು ಅದೇ ಕಡತಕ್ಕೆ ಹಾಕಿದರೆ ಮಿಡ್‌ಪಾಯಿಂಟ್‌ನ ಮ್ಯಾಪಿಂಗ್ ಮತ್ತು ರಿವ್ಯೂ ಹಾಗೇ ನಡೆಯುತ್ತವೆ. ಜಾರಿ ಸ್ಕ್ರಿಪ್ಟ್‌ನಲ್ಲಿ ಮಾತ್ರ ಅಲಿಯಾಸ್ ನಿಲ್ಲಿಸುವ ದಾರಿ ಅಲ್ಲಿಗೆ ನಡೆಯದು. ಡಿನೈ ಆಲ್ ದಾರಿ ನಡೆಯುತ್ತದೆ.